ಕೂಲಂಟ್ ತುಂಬಿದರೆ ಸಾಲದು, ಒಳಗಿನ ಗಾಳಿಯನ್ನೂ ತೆಗೆಯಿರಿ

ಮಾನ್ಯ ಸಂಪಾದಕರೇ,

ಮಾರ್ಚ್ ಮುಗಿದರೆ ಸಾಕು, ವಿಜಯಪುರದಿಂದ ಸೊಲ್ಲಾಪುರ ಕಡೆಗೂ ಕೊಲ್ಹಾರ ಕಡೆಗೂ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳು ಕಾಣಿಸುತ್ತವೆ. ಬಿಸಿಲು 40 ಡಿಗ್ರಿ ದಾಟಿದೆ, ಎಂಜಿನ್ ಕಾಯದೇ ಇರುತ್ತಾ ಅಂತ ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ಆದರೆ ಕೂಲಿಂಗ್ ವ್ಯವಸ್ಥೆ ಸರಿಯಾಗಿದ್ದರೆ ನಮ್ಮ ಬಿಸಿಲನ್ನು ಕಾರು ತಡೆದುಕೊಳ್ಳುತ್ತದೆ. ಅದರಲ್ಲೂ ಕೂಲಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ಕೆಲಸ ಮಾಡಿಸಿದ ಮೇಲೆ ಎಂಜಿನ್ ಕಾಯ್ದರೆ, ಮೊದಲು ಅನುಮಾನ ಪಡಬೇಕಾದದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು.

ನಮ್ಮದೇ ಕಾರಿಗೆ ಕಳೆದ ಬೇಸಿಗೆಯಲ್ಲಿ ಹೀಗಾಯಿತು. ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಬದಲಿಸಿದ ಗ್ಯಾರೇಜಿನವರು ಕೂಲಂಟ್ ಸುರಿದು, ಮುಚ್ಚಳ ಹಾಕಿ, ಎಂಜಿನ್ ಬಿಸಿಯಾಗುವ ತನಕವೂ ಕಾಯದೆ ಕೀಲಿ ಕೈಗೆ ಕೊಟ್ಟರು. ಸಿಂದಗಿ ರಸ್ತೆಯಲ್ಲಿ ಎಂಜಿನ್ ಬಾಯ್ಲ್ ಆಯಿತು, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಯಿತು. ಹೊಸ ಪೈಪ್ ಒಳ್ಳೆಯದೇ ಇತ್ತು, ಕೂಲಂಟ್ ಕೂಡ ಒಳ್ಳೆಯದೇ. ಗಾಳಿ ತೆಗೆಯುವ ಕೆಲಸವೊಂದನ್ನೇ ಬಿಟ್ಟಿದ್ದರು.

ಹೊಲದಲ್ಲಿ ಪಂಪ್‌ಸೆಟ್ ಇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗಾಳಿ ಹಿಡಿದ ಪಂಪು ತಿರುಗುತ್ತದೆ, ನೀರು ಎತ್ತುವುದಿಲ್ಲ. ಕಾರಿನ ವಾಟರ್ ಪಂಪೂ ಅದೇ ಜಾತಿಯದು. ಕೂಲಂಟ್ ಖಾಲಿ ಮಾಡಿ ಮತ್ತೆ ತುಂಬುವಾಗ ಸಿಲಿಂಡರ್ ಹೆಡ್ಡಿನಲ್ಲಿ, ಕಾರಿನೊಳಗೆ ಬಿಸಿ ಗಾಳಿ ಕೊಡುವ ಹೀಟರಿನ ಕೂಲಂಟ್ ಪೈಪುಗಳಲ್ಲಿ, ಹೀಗೆ ಎತ್ತರದ ಜಾಗಗಳಲ್ಲಿ ಗಾಳಿ ಉಳಿದುಬಿಡುತ್ತದೆ. ಗಾಳಿ ಇರುವ ಕಡೆ ಕೂಲಂಟ್ ಮುಟ್ಟುವುದಿಲ್ಲ, ಅಲ್ಲಿನ ಲೋಹ ವಿಪರೀತ ಕಾಯುತ್ತದೆ, ಅಲ್ಯೂಮಿನಿಯಂ ಹೆಡ್ ಆದರೆ ಸೊಟ್ಟ ಆಗುವುದೂ ಉಂಟು. ಇದಕ್ಕಿಂತ ಭಯ ಹುಟ್ಟಿಸುವ ಮಾತು ಇನ್ನೊಂದಿದೆ. ಟೆಂಪರೇಚರ್ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಅದರ ಸುತ್ತ ಗಾಳಿ ತುಂಬಿದ್ದರೆ ಎಂಜಿನ್ ಒಳಗೆ ಬೇಯುತ್ತಿದ್ದರೂ ಮೀಟರಿನ ಮುಳ್ಳು ಸುಮ್ನೆ ಕೆಳಗೇ ಕೂತಿರಬಹುದು. ಡ್ರೈವರಿಗೆ ಗೊತ್ತಾಗುವುದಾದರೂ ಹೇಗೆ?

ಗಾಳಿ ತೆಗೆಯುವುದು ದೊಡ್ಡ ವಿದ್ಯೆಯಲ್ಲ, ತಾಳ್ಮೆ ಬೇಕು ಅಷ್ಟೇ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾರೂ, ಯಾವ ಕಾರಣಕ್ಕೂ ತೆಗೆಯಬೇಡಿ, ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೆ ಚಿಮ್ಮಿ ಚರ್ಮ ಸುಟ್ಟುಹಾಕುತ್ತದೆ. ಕಾರಿನ ಮೂತಿ ಸ್ವಲ್ಪ ಮೇಲಾಗುವಂತೆ ನಿಲ್ಲಿಸಿದರೆ ಗಾಳಿ ಮುಚ್ಚಳದ ಕಡೆ ಬರಲು ಸುಲಭ. ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಇರುವ ಕಾರಾದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವ ತನಕ ನಿಧಾನವಾಗಿ ತುಂಬಿ, ಆಮೇಲೆ ಬಿಗಿ ಮಾಡಬೇಕು. ಎಲ್ಲ ಕಾರಿಗೂ ಈ ಸ್ಕ್ರೂ ಇರುವುದಿಲ್ಲ. ಅಂಥವುಗಳಲ್ಲಿ ಕಂಪನಿ ಮ್ಯಾನುಯಲ್ ಹೇಳಿದ ರೀತಿಯಲ್ಲೇ ಎಂಜಿನ್ ಓಡಿಸಿ, ಕೂಲಂಟ್ ಇಳಿದ ಹಾಗೆ ತುಂಬುತ್ತಾ ಹೋಗಬೇಕು; ಮುಚ್ಚಳ ತೆರೆದಿಟ್ಟೇ ಮಾಡುವುದಾದರೆ ಅದನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆದಿರಬೇಕು. ಥರ್ಮೋಸ್ಟಾಟ್ (ಬಿಸಿಯಾದಾಗ ತಾನಾಗಿ ತೆರೆದು ರೇಡಿಯೇಟರಿಗೆ ಕೂಲಂಟ್ ಬಿಡುವ ವಾಲ್ವ್) ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತದೆ, ಅಲ್ಲಿಯವರೆಗೆ ಕೂಲಂಟ್ ರೇಡಿಯೇಟರ್ ಕಡೆ ಸರಿಯಾಗಿ ಹರಿಯುವುದೇ ಇಲ್ಲ. ಹಾಗಾಗಿ ಐದು ನಿಮಿಷ ಐಡಲಿನಲ್ಲಿ ಬಿಟ್ಟು ಮುಗೀತು ಅನ್ನುವ ಹಾಗಿಲ್ಲ. ಎಸಿ ಬಂದ್ ಮಾಡಿ, ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಾನಾಗಿ ಹತ್ತಿ ಆರುವವರೆಗೆ ಕಾಯಬೇಕು. ಎಂಜಿನ್ ತಣ್ಣಗಾದ ಮೇಲೆ ಮಟ್ಟ ನೋಡಿದರೆ ಇಳಿದಿರುತ್ತದೆ, ಮತ್ತೆ ತುಂಬಬೇಕು.

ಇಷ್ಟೆಲ್ಲ ಮಾಡಿದ ಮೇಲೂ ದಿನಾ ಗುಳ್ಳೆ ಬರುತ್ತಲೇ ಇದ್ದರೆ ಅದು ತುಂಬುವಾಗ ಉಳಿದ ಗಾಳಿ ಆಗಿರಲಿಕ್ಕಿಲ್ಲ. ಹೆಡ್ ಗ್ಯಾಸ್ಕೆಟ್ ಸೋರಿ ಸಿಲಿಂಡರಿನ ಗ್ಯಾಸೇ ಕೂಲಂಟಿಗೆ ನುಗ್ಗುತ್ತಿರಬಹುದು, ಕೂಡಲೇ ಪರೀಕ್ಷೆ ಮಾಡಿಸಿ.

ನಮ್ಮ ಕಡೆ ಮರೆಯುವ ಇನ್ನೊಂದು ವಿಷಯ ಹೀಟರ್. ವಿಜಯಪುರದಲ್ಲಿ ಹೀಟರ್ ಯಾರು ಹಾಕುತ್ತಾರೆ, ಅಲ್ವಾ? ವರ್ಷಪೂರ್ತಿ ಆ ಗುಂಡಿ ತಣ್ಣನೆಯ ಕಡೆಗೇ ಇರುತ್ತದೆ. ಆದರೆ ಕೆಲವು ಕಾರುಗಳಲ್ಲಿ ಅದನ್ನು ಪೂರ್ತಿ ಬಿಸಿ ಕಡೆ ತಿರುಗಿಸದಿದ್ದರೆ ಹೀಟರಿಗೆ ಹೋಗುವ ವಾಲ್ವೇ ತೆರೆಯುವುದಿಲ್ಲ, ಅಲ್ಲಿನ ಗಾಳಿ ಅಲ್ಲೇ ಉಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಏರ್ ಲಾಕ್ (ಸಿಕ್ಕಿಕೊಂಡ ಗಾಳಿಯ ಅಡ್ಡಿ) ಇರುವ ಸಾಧ್ಯತೆ ಜಾಸ್ತಿ.

ಬಿಸಿಲಿನ ನಾಡಿಗೆ ಥರ್ಮೋಸ್ಟಾಟ್ ಬೇಡ ಅಂತ ಕಿತ್ತು ಬಿಸಾಡುವವರೂ, ಬೋರ್‌ವೆಲ್ಲಿನ ಸವಳು ನೀರು ತುಂಬುವವರೂ ಇದ್ದಾರೆ. ಎರಡೂ ತಪ್ಪು. ಸವಳು ನೀರು ಒಳಗೆ ಪದರ ಕಟ್ಟಿ ರೇಡಿಯೇಟರಿನ ಸಣ್ಣ ನಾಳಗಳನ್ನು ಮುಚ್ಚುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ, ನೀರು ಬೆರೆಸುವುದಿದ್ದರೆ ಡಿಸ್ಟಿಲ್ಡ್ ನೀರು ಬೆರೆಸಿ. ತೆಗೆದ ಹಳೇ ಕೂಲಂಟನ್ನು ದಯವಿಟ್ಟು ಗಟಾರಕ್ಕೆ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ದನ ಕುಡಿದರೆ ಸಾಯಬಹುದು.

ಗ್ಯಾರೇಜಿನವರನ್ನು ಮಾತ್ರ ದೂರಿದರೆ ನ್ಯಾಯವಾಗುವುದಿಲ್ಲ. ಬೇಗ ಕೊಡಿ, ಬೇಗ ಕೊಡಿ ಅಂತ ತಲೆ ಮೇಲೆ ನಿಲ್ಲುವವರು ನಾವೇ. ಒಂದು ಗಂಟೆ ಹಿಡಿಯುವ ಈ ಕೆಲಸಕ್ಕೆ ಬೇರೆ ಕೂಲಿ ಕೊಡೋಣ. ಗ್ಯಾರೇಜಿನವರು ಬಿಲ್ಲಿನಲ್ಲಿ ಕೂಲಂಟಿನ ಪಕ್ಕಕ್ಕೇ 'ಗಾಳಿ ತೆಗೆದಿದೆ' ಅಂತ ಒಂದು ಸಾಲು ಬರೆದುಕೊಡಲಿ. ಅದಿಲ್ಲದೆ ಕೀಲಿ ತೆಗೆದುಕೊಳ್ಳಬೇಡಿ ಅಂತ ಕಾರು ಇರುವ ಎಲ್ಲ ಓದುಗರನ್ನೂ ಕೇಳಿಕೊಳ್ಳುತ್ತೇನೆ.

— ಒಬ್ಬ ಓದುಗ, ವಿಜಯಪುರ