ಖಾಲಿ ಪುಸ್ತಕ ಕೊಳ್ಳುವ ಮೊದಲು

ಎಡಿನ್‌ಬರಾ
ನವೆಂಬರ್ ಕೊನೆಯ ಭಾನುವಾರ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ರಾಜಕೀಯದಲ್ಲಿರುವ ನಿಮ್ಮ ಗೆಳೆಯರ ಷಷ್ಟ್ಯಬ್ದಿಗೆ ರಾಜಕೀಯದ ತಮಾಷೆ ಪುಸ್ತಕ ಬೇಕು, ಹೊರಗೆ ಭಾರಿ ಹೆಸರು, ಒಳಗೆ ಬರೀ ಖಾಲಿ ಹಾಳೆ, ಅಂಥದ್ದು ಅಂದಿರಿ. ಬಂದವರಿಗೆ ಹಂಚಲು ಇಪ್ಪತ್ತೈದು ಪ್ರತಿ ಸಿಗುತ್ತದಾ ಅಂತಲೂ ಕೇಳಿದಿರಿ. ಒಂದು ಕಳಿಸುತ್ತೇನೆ. ಇಪ್ಪತ್ತೈದು ಬೇಡ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಈ ಬಗೆಯ ಪುಸ್ತಕಕ್ಕೆ ಇಲ್ಲಿ ಸುಗ್ಗಿ ಅಂದರೆ ಅಕ್ಟೋಬರ್‌ನಿಂದ ಕ್ರಿಸ್‌ಮಸ್‌ವರೆಗೆ. ಅಂಗಡಿಯಲ್ಲಿ ದುಡ್ಡು ಕೊಡುವ ಕೌಂಟರಿನ ಪಕ್ಕದ ಮೇಜಿನ ಮೇಲೆ ಪೇರಿಸಿರುತ್ತಾರೆ. ಬೆಲೆ ಸಾಮಾನ್ಯವಾಗಿ ಏಳರಿಂದ ಹತ್ತು ಪೌಂಡ್. ಹಿಂದಿನ ರಟ್ಟಿನ ಮೇಲೆ ಅಚ್ಚಾಗಿರುವ ಬೆಲೆಗೇ ಮಾರಬೇಕೆಂಬ ಒಪ್ಪಂದ ಈ ದೇಶದಲ್ಲಿ 1990ರ ದಶಕದಲ್ಲೇ ಬಿದ್ದುಹೋಯಿತು. ಹಾಗಾಗಿ ಒಂದೇ ಪುಸ್ತಕಕ್ಕೆ ಒಂದೊಂದು ಕಡೆ ಒಂದೊಂದು ರೇಟು. ಜನವರಿ ಬಂತೆಂದರೆ ಇವೇ ಪುಸ್ತಕಗಳು ದಾನದ ಸಾಮಾನು ಮಾರುವ ಅಂಗಡಿಗಳಿಗೆ ಬಂದು ಬೀಳುತ್ತವೆ, ಒಂದೆರಡು ಪೌಂಡಿಗೆ ಸಿಗುತ್ತವೆ. ನಿಮ್ಮ ಸಮಾರಂಭ ಫೆಬ್ರವರಿ ಕೊನೆಗೆ ತಾನೆ? ಕಾಯಬಹುದು. ಆದರೆ ಹಳೆಯ ಪ್ರತಿ ಕೊಳ್ಳುವಾಗ ಹಾಳೆ ಹಾಳೆಯೂ ತಿರುವಿ ನೋಡಬೇಕು. ಮೊದಲ ಹಾಳೆಯಲ್ಲಿ 'ಅಪ್ಪನಿಗೆ, ಪ್ರೀತಿಯಿಂದ' ಎಂದು ಯಾರದೋ ಕೈಬರಹ ಇರುತ್ತದೆ, ನಡುವೆಲ್ಲೋ ದಿನಸಿ ಪಟ್ಟಿ ಇರುತ್ತದೆ. ಖಾಲಿ ಹಾಳೆ ಕಂಡರೆ ಯಾರ ಕೈ ಸುಮ್ಮನಿರುತ್ತದೆ!

ಈ ತಮಾಷೆ ಅಮೆರಿಕದವರು ಮೊನ್ನೆ ಮೊನ್ನೆ ಕಂಡುಹಿಡಿದದ್ದು ಅಂತ ನಿಮ್ಮ ಗೆಳೆಯರು ವಾದಿಸಿದರೆ ಒಪ್ಪಬೇಡಿ. ನಾನಿರುವ ಈ ಊರಿನ ಅಂಚಿಗೇ ಮಿಡ್‌ಲೋಥಿಯನ್ ಅಂತ ಕ್ಷೇತ್ರ. 1880ರ ಚುನಾವಣೆಯಲ್ಲಿ ಅಲ್ಲಿ ಲಿಬರಲ್ ಪಕ್ಷದ ಧುರೀಣ ಗ್ಲ್ಯಾಡ್‌ಸ್ಟನ್ ಎದುರು ನಿಂತವನು ಡ್ಯೂಕ್ ಒಬ್ಬರ ಮಗ, 'ಡಾಲ್‌ಕೀತ್‌ನ ಅರ್ಲ್' ಎಂಬ ಬಿರುದಿನವನು. 'ಡಾಲ್‌ಕೀತ್ ಅರ್ಲ್ ಅವರ ರಾಜಕೀಯ ಸಾಧನೆಗಳು' ಎಂಬ ಹೆಸರಿನಲ್ಲಿ ಎದುರಾಳಿ ಕಡೆಯವರು ಪುಸ್ತಕ ಹೊರತಂದರು. ತೆರೆದರೆ ಒಂದಕ್ಷರವಿಲ್ಲ. ಗ್ಲ್ಯಾಡ್‌ಸ್ಟನ್‌ಗೆ 1579 ಮತ, ಅರ್ಲ್‌ಗೆ 1368. ಪುಸ್ತಕದಿಂದ ಗೆದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಮತದಾರರೇ ಮೂರು ಸಾವಿರದ ಆಸುಪಾಸು ಇದ್ದಾಗ ಇಂಥ ಒಂದು ಕುಚೋದ್ಯ ಎಲ್ಲರ ಕಿವಿಗೂ ತಲುಪಲು ಎಷ್ಟು ಹೊತ್ತು?

ನೀವು ವಾಟ್ಸಾಪಿನಲ್ಲಿ ನೋಡಿದ್ದು 2017ರ ಅಮೆರಿಕದ್ದು. ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕಲು ಕಾರಣಗಳು ಎಂಬರ್ಥದ ಹೆಸರು, ಮೈಕಲ್ ನೋಲ್ಸ್ ಎಂಬವರದು, 266 ಪುಟ. ಮೊದಲು ಸ್ವಂತ ಖರ್ಚಿನಲ್ಲಿ ಹೊರಬಂತು. ಮಾರ್ಚ್‌ನಲ್ಲಿ ಅಮೆಜಾನಿನ ಪಟ್ಟಿಯ ತುದಿಗೇರಿತು, ಆಮೇಲೆ ದೊಡ್ಡ ಪ್ರಕಾಶಕರು ಕೊಂಡುಕೊಂಡರು. ಅದರ ಪಟ್ಟು ಎಲ್ಲಿದೆ ಅಂದರೆ, ಪೂರ್ತಿ ಖಾಲಿ ಬಿಟ್ಟಿಲ್ಲ. ಪರಿವಿಡಿ ಇದೆ, ಅಧ್ಯಾಯದ ತಲೆಬರಹಗಳಿವೆ, ಕೊನೆಗೆ ಗ್ರಂಥಋಣವೂ ಇದೆ. ಓದುಗ ಎರಡು ಮೂರು ಹಾಳೆ ತಿರುವುವ ತನಕ ಗಂಭೀರ ಪುಸ್ತಕವೆಂದೇ ನಂಬಬೇಕು. ಪರಿವಿಡಿಯೂ ಇಲ್ಲದೆ ಸೀದಾ ಬಿಳಿ ಹಾಳೆ ಕೊಟ್ಟರೆ ಅದು ಬರೀ ನೋಟ್‌ಬುಕ್.

ಅದು ಓಡಿದ್ದೇ ತಡ, ಎಲ್ಲ ಪಕ್ಷದ, ಎಲ್ಲ ನಾಯಕರ ಹೆಸರಿನಲ್ಲೂ ನಕಲುಗಳು ಬಂದವು. ಮೋಸ ಹೋಗುವುದು ಇಲ್ಲೇ. ಆನ್‌ಲೈನಿನಲ್ಲಿ ಹೆಸರು ಹೆಚ್ಚುಕಡಿಮೆ ಒಂದೇ ಥರ, ಬಣ್ಣ ಒಂದೇ ಥರ. ಕೊಳ್ಳುವ ಮೊದಲು ಪುಟಸಂಖ್ಯೆ ನೋಡಿ: ನೂರಕ್ಕಿಂತ ಕಡಿಮೆ ಇದ್ದರೆ ಬೆನ್ನು ತೆಳುವಾಗಿ ಕರಪತ್ರದ ಹಾಗಿರುತ್ತದೆ, ಕಪಾಟಿನಲ್ಲಿಟ್ಟರೆ ಹೆಸರೇ ಕಾಣದು. ಬಾರ್‌ಕೋಡಿನ ಬಳಿ ಇರುವ ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, 979-8ರಿಂದ ಶುರುವಾಗಿದ್ದರೆ ಹೆಚ್ಚಿನಂಶ ಸ್ವಂತ ಪ್ರಕಟಣೆ, ಆರ್ಡರ್ ಬಂದ ಮೇಲೆ ಒಂದೊಂದೇ ಅಚ್ಚು ಹಾಕುವಂಥದ್ದು. ಅದೇನೂ ಅಪರಾಧವಲ್ಲ. ಆದರೆ ಅಂಥ ಪ್ರತಿಯ ಕೊನೆಯ ಹಾಳೆಯಲ್ಲಿ ಎಲ್ಲಿ ಅಚ್ಚಾಯಿತು ಎಂಬ ಸಾಲೂ ಬಾರ್‌ಕೋಡೂ ಬಿದ್ದಿರುತ್ತದೆ. ಪೂರ್ತಿ ಖಾಲಿ ಪುಸ್ತಕದಲ್ಲಿ ಕಣ್ಣಿಗೆ ಬೀಳುವುದು ಅದೊಂದೇ! ಇನ್ನು ಕಿಂಡಲ್ ಆವೃತ್ತಿ ಇದ್ದರೂ ಕೊಳ್ಳಲೇಬೇಡಿ. ಕೈಗೆ ಭಾರ ಸಿಗದಿದ್ದರೆ ಈ ತಮಾಷೆಯೇ ಇಲ್ಲ.

ಖಾಲಿ ಅಲ್ಲದ ಬಗೆಯೂ ಇದೆ. 2015ರಿಂದ ಇಲ್ಲಿ ಲೇಡಿಬರ್ಡ್‌ನವರೇ ತಮ್ಮ ಹಳೇ ಮಕ್ಕಳ ಪುಸ್ತಕಗಳ ಚಿತ್ರಗಳನ್ನಿಟ್ಟು ದೊಡ್ಡವರಿಗೆ ಲೇವಡಿ ಮಾಲೆ ತಂದರು. ಒಂದು ಕಡೆ ದಪ್ಪಕ್ಷರದ ಪುಟ್ಟ ವಾಕ್ಯ, ಎದುರು ಚಿತ್ರ. ಬ್ರೆಕ್ಸಿಟ್ ಮೇಲೂ ಒಂದು ಬಂತು. ಆದರೆ ನಗಬೇಕಾದರೆ ಓದುವವರು ಚಿಕ್ಕಂದಿನಲ್ಲಿ ಆ ಪುಸ್ತಕ ಹಿಡಿದಿರಬೇಕು. ಕಾನ್ವೆಂಟಿನಲ್ಲಿ ಓದಿದ ನಿಮ್ಮ ಅಳಿಯನಿಗೆ ಹಿಡಿಸೀತು, ನಿಮ್ಮ ಗೆಳೆಯರಿಗೆ ಬೇಡ. ಜೊತೆಗೆ ಇಂಥವು ಬೇಗ ಹಳಸುತ್ತವೆ. ಕ್ರಿಸ್‌ಮಸ್‌ಗೆ ಬರುವ ಪುಸ್ತಕಕ್ಕೆ ಬೇಸಿಗೆಯಲ್ಲೇ ಬರವಣಿಗೆ ಮುಗಿದಿರಬೇಕು. 2022ರಲ್ಲಿ ಈ ದೇಶ ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳನ್ನು ಕಂಡಿತು, ನಡುವಿನ ಲಿಜ್ ಟ್ರಸ್ ಇದ್ದದ್ದು 49 ದಿನ. ಯಾರ ಮೇಲೆ ಜೋಕು ಮಾಡಿದ್ದಾರೋ ಅವರು ಕುರ್ಚಿಯಲ್ಲಿ ಇದ್ದಾರಾ ಅಂತ ನೋಡಿಯೇ ಕೊಳ್ಳಬೇಕು. ಆ ಲೆಕ್ಕದಲ್ಲಿ ಖಾಲಿ ಪುಸ್ತಕವೇ ವಾಸಿ, ಒಳಗೆ ಹಳಸಲು ಏನೂ ಇಲ್ಲ.

ಕಳಿಸುವ ವಿಷಯ. ಒಂದು ಪ್ರತಿಯಾದರೆ ಬರುವವರ ಸೂಟ್‌ಕೇಸಿನಲ್ಲಿ ಹಾಕುವುದೇ ಸಲೀಸು. ಅಂಚೆಯಲ್ಲಾದರೆ ಸಿಎನ್ 22 ಎಂಬ ಕಸ್ಟಮ್ಸ್ ಚೀಟಿ ಅಂಟಿಸಿ ಒಳಗೇನಿದೆ, ಬೆಲೆ ಎಷ್ಟು ಎಂದು ಬರೆಯಬೇಕು. ಗಿಫ್ಟ್ ಅಂತ ಬರೆದರೆ ಸುಂಕ ಇಲ್ಲ ಎನ್ನುವುದು ಹಳೇ ಮಾತು. ಐದು ಸಾವಿರ ರೂಪಾಯಿವರೆಗಿನ ಆ ರಿಯಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ನಮ್ಮ ಸರ್ಕಾರ ತೆಗೆದುಹಾಕಿತು, ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು. ಅಚ್ಚಾದ ಪುಸ್ತಕಕ್ಕೆ ಕಸ್ಟಮ್ಸ್ ಪಟ್ಟಿಯಲ್ಲಿ ಕೋಡ್ ಸಂಖ್ಯೆ 4901, ನೋಟ್‌ಬುಕ್ಕಿಗೆ 4820. ಖಾಲಿ ಪುಸ್ತಕ ಯಾವುದಕ್ಕೆ ಸೇರಬೇಕು ಹೇಳಿ! ಇಲ್ಲಿಯೂ ಅದೇ ಫಜೀತಿ: ಪುಸ್ತಕಕ್ಕೆ ತೆರಿಗೆ ಸೊನ್ನೆ, ಸ್ಟೇಷನರಿಗೆ ಶೇ. 20. ಒಂದು ಪ್ರತಿಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಪ್ಪತ್ತೈದು ಖಾಲಿ ಪುಸ್ತಕದ ಪೆಟ್ಟಿಗೆ ಬಿಚ್ಚಿದ ಅಧಿಕಾರಿಗೆ ನೀವು ಕೂತು ಜೋಕು ವಿವರಿಸಬೇಕಾಗುತ್ತದೆ.

ಆದ್ದರಿಂದ ಹಂಚುವುದನ್ನು ಅಲ್ಲೇ ಮಾಡಿಸಿ, ನಿಮ್ಮ ಗೆಳೆಯರ ಹೆಸರಿನಲ್ಲಿ, ಕನ್ನಡದಲ್ಲಿ. ಅವೆನ್ಯೂ ರಸ್ತೆ ಸುತ್ತಮುತ್ತ ಡಿಜಿಟಲ್ ಪ್ರಿಂಟ್ ಮಾಡಿ ಬೈಂಡ್ ಮಾಡಿಕೊಡುವವರು ಇದ್ದೇ ಇದ್ದಾರೆ. ಇಪ್ಪತ್ತೈದು ಪ್ರತಿಗೆ ಆಫ್‌ಸೆಟ್ ಕೇಳಬೇಡಿ, ಪ್ಲೇಟಿನ ಖರ್ಚೇ ಮೈಮೇಲೆ ಬರುತ್ತದೆ. ಅಳತೆ ಡೆಮಿ 1/8, ನಮ್ಮ ಕಾದಂಬರಿಗಳ ಅಳತೆಯೇ. 160 ಪುಟ ಇಡಿ, ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಸರಿಯಾಗಿ ಹತ್ತು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. 80 ಹಾಳೆಗೆ ಬೆನ್ನು 8 ಮಿಲಿಮೀಟರ್ ಬರುತ್ತದೆ, ಹೆಸರು ಅಚ್ಚು ಹಾಕಲು ಸಾಕು. ಬೆನ್ನಿನ ಅಳತೆ ಖಚಿತವಾಗುವ ತನಕ ಮುಖಪುಟದ ಡಿಸೈನ್ ಮುಗಿಸಬೇಡಿ, ಇಲ್ಲದಿದ್ದರೆ ಬೆನ್ನ ಮೇಲಿನ ಅಕ್ಷರ ರಟ್ಟಿನ ಮೇಲಕ್ಕೆ ಜಾರುತ್ತದೆ. ಕಾಗದ ಎನ್.ಎಸ್. ಮ್ಯಾಪ್‌ಲಿಥೊ ಕೇಳಿ, ಅಂದರೆ ನ್ಯಾಚುರಲ್ ಶೇಡ್, ತುಸು ಹಳದಿ ಛಾಯೆಯದ್ದು; ಬೆಳ್ಳಗೆ ಹೊಳೆಯುವ ಕಾಗದ ಹಾಕಿದರೆ ಜೆರಾಕ್ಸ್ ಕಟ್ಟಿನಂತೆ ಕಾಣುತ್ತದೆ. ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್.

ಅಂಟಿನ ಬೈಂಡಿಂಗ್ ಅಗ್ಗ, ಆದರೆ ಬಂದವರು ಇದನ್ನು ಮನೆಗೊಯ್ದು ಹಾಲಿನ ಲೆಕ್ಕ ಬರೆಯುವುದು ಖಂಡಿತ. ಬರೆಯಲು ಅಗಲಿಸಿ ಒತ್ತಿದರೆ ಬೆನ್ನು ಬಿರಿದು ಹಾಳೆ ಉದುರುತ್ತದೆ. ಹೊಲಿಗೆ ಹಾಕಿಸಿ, ಇಲ್ಲವೇ ಒಂದು ಪ್ರತಿ ಮೊದಲು ಮಾಡಿಸಿ ನಡುವೆ ತೆರೆದು ಹಾಳೆ ಎಳೆದು ನೋಡಿ. ಬೈಂಡರ್ ಸ್ವಲ್ಪ ಗೊಣಗುತ್ತಾನೆ, ಗೊಣಗಲಿ.

ಹೂರಣವೆಲ್ಲ ಮೊದಲ ಎಂಟು ಪುಟದಲ್ಲಿ ಇರಲಿ. ಹೆಸರು, ಅರ್ಪಣೆ, ಪರಿವಿಡಿ. ನಮ್ಮ ಪುಸ್ತಕಗಳಲ್ಲಿ ಇರುವಂತೆ 'ಪ್ರಥಮ ಮುದ್ರಣ, ಪ್ರತಿಗಳು: 25, ಬಳಸಿದ ಕಾಗದ: 80 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೊ, ಬೆಲೆ' ಎಂದೆಲ್ಲ ಆ ಪುಟ ಚಾಚೂ ತಪ್ಪದೆ ಇರಬೇಕು. ಪರಿವಿಡಿಯಲ್ಲಿ 'ಕೊಟ್ಟ ಭರವಸೆಗಳು' 9ನೇ ಪುಟ, 'ಈಡೇರಿಸಿದ್ದು' 11, 'ಪಕ್ಷನಿಷ್ಠೆ: ಸಂಪುಟ ಒಂದರಿಂದ ನಾಲ್ಕು' 12, ಹೀಗೆ. ಬೆನ್ನುಡಿ ಮಾತ್ರ ತುಂಬಾ ಹೊಗಳಿಕೆಯದ್ದು. ಖಾಲಿ ಪುಟಗಳ ಅಡಿಯಲ್ಲೂ ಪುಟಸಂಖ್ಯೆ ಇರಲೇಬೇಕು. ಖರ್ಚು ಉಳಿಸಲು ಅದನ್ನು ಬಿಟ್ಟರೆ, ನಡುವೆ ತೆರೆದವರು ಯಾರೋ ಡೈರಿ ಕೊಟ್ಟರು ಅಂದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಆ ಗೆಳೆಯರು ಮತ್ತೆ ಯಾವುದಾದರೂ ಚುನಾವಣೆಗೆ ನಿಲ್ಲುವ ಸುದ್ದಿ ಇದ್ದರೆ ಇದನ್ನು ಷಷ್ಟ್ಯಬ್ದಿಗೇ ಮುಗಿಸಿಬಿಡಿ. ಅಭ್ಯರ್ಥಿಯ ಪರವೋ ವಿರುದ್ಧವೋ ಹಂಚುವ ಮುದ್ರಿತ ವಸ್ತುವಿನ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಒಳಗೆ ಖಾಲಿ ಇದೆ ಸ್ವಾಮಿ ಅಂದರೆ ನಡೆಯುವುದಿಲ್ಲ, ಮುಖಪುಟದ ಮೇಲೆ ಹೆಸರಿದೆಯಲ್ಲ.

ಪರಿವಿಡಿಯ ಕರಡು ಬರೆದು ಫೋಟೋ ಕಳಿಸಿ, ಅಕ್ಷರ ಜೋಡಿಸಿ ಪಿಡಿಎಫ್ ಮಾಡಿಕೊಡುತ್ತೇನೆ. ಇಲ್ಲಿಂದ ಬರುವ ಒಂದು ಪ್ರತಿಗೆ ಯಾವ ಪಕ್ಷದ್ದು ಬೇಕು ಅನ್ನುವುದನ್ನೂ ತಿಳಿಸಿ, ಎರಡೂ ಕಡೆಯವು ಸಿಗುತ್ತವೆ. ಚಿಕ್ಕಮ್ಮನಿಗೆ ನಮಸ್ಕಾರ ಹೇಳಿ. ಅವರು ಕೇಳಿದ ಉಣ್ಣೆಯ ಬಣ್ಣದ ನಂಬರು ಇನ್ನೊಮ್ಮೆ ಕಳಿಸಬೇಕಂತೆ.

ನಿಮ್ಮ ಆಶೀರ್ವಾದ ಬಯಸುವ,
ಸುಮಾ