ಗೆಳೆಯನಿಗೊಂದು ಪತ್ರ: ನಮ್ಮ ಒಂಬತ್ತನೇ ಕ್ಲಾಸಿನ ಸೈಟು

ಪ್ರೀತಿಯ ಗೆಳೆಯಾ,

ನಿನ್ನ ಕ್ಲಾಸಿಗೂ ಒಂದು ವೆಬ್‌ಸೈಟ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆಯಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ತೀರ್ಥಹಳ್ಳಿಯಿಂದ ಈಚೆ ಮೂರು ದಿನದಿಂದ ಕರೆಂಟಿಲ್ಲ, ಟವರೂ ಮಲಗಿದೆ. ಬರೆದಿಡುತ್ತೇನೆ, ಸಂಜೆ ಪೇಟೆಗೆ ಹೋದಾಗ ಕಳಿಸುತ್ತೇನೆ.

ಮೊದಲ ವರ್ಷ ನಾನು ಮಾಡಿದ್ದು ಸೈಟಲ್ಲ ಮಾರಾಯ, ಜಾತ್ರೆ. ಮೇಲೆ ಜೋಗದ ಫೋಟೋ, ಕೆಳಗೆ ಸುಭಾಷಿತ, ಒಟ್ಟು ಹದಿನಾಲ್ಕು ಪುಟ. ಇಡೀ ಬೇಸಿಗೆ ರಜೆ ಅದಕ್ಕೇ ಹೋಯಿತು. ನೋಡಿದವರು ನಾನು ಮತ್ತು ನನ್ನ ಹೆಂಡತಿ. ಅವಳೂ ಎರಡನೇ ಸಲ ನೋಡಲಿಲ್ಲ.

ಈಗ ಇರುವುದು ಮೂರೇ ಪುಟ. ಮೊದಲನೆಯದು 'ಇವತ್ತು ಬೋರ್ಡಿನ ಮೇಲೆ'. ತಾರೀಖು, ಯಾವ ಪಾಠ, ಯಾವ ಲೆಕ್ಕ, ಮನೆಗೆ ಏನು ಕೊಟ್ಟೆ, ಅಷ್ಟೇ. ನಿಮ್ಮ ದಾವಣಗೆರೆಯಲ್ಲಿ ಮಳೆ ರಜೆಯ ಕಾಟ ಅಷ್ಟಿಲ್ಲ. ಇಲ್ಲಿ ಜುಲೈನಲ್ಲಿ ಹಳ್ಳ ಉಕ್ಕಿದರೆ ಆಚೆ ದಡದ ಮಕ್ಕಳು ಬರುವಂತಿಲ್ಲ. ಅಡಿಕೆ ಗೊನೆ ಕೊಯ್ಲು ಬಂದರೆ ಇನ್ನೊಂದಿಷ್ಟು ಬೆಂಚು ಖಾಲಿ. ಆ ಮಕ್ಕಳು ಗುಡ್ಡದ ಹಕ್ಕಲಿನ ಮೇಲೆ ಹತ್ತಿ, ಒಂದು ಕಡ್ಡಿ ಸಿಗ್ನಲ್ ಹಿಡಿದು ನೋಡುವುದು ಇದೊಂದೇ ಪುಟವನ್ನು. ಹಾಗಾಗಿ ಬೋರ್ಡಿನ ಫೋಟೋ ಹಾಕುವುದು ಬಿಟ್ಟು ಟೈಪ್ ಮಾಡುತ್ತೇನೆ. ಒಂದು ಫೋಟೋ ನಾಲ್ಕು ಎಂಬಿ ಇದ್ದರೆ ಅಲ್ಲಿ ಅದು ತೆರೆಯುವುದೇ ಇಲ್ಲ. ಚಿತ್ರ ಬೇಕೇ ಬೇಕೆಂದರೆ ಇನ್ನೂರು ಕೆಬಿಗೆ ಇಳಿಸಿ ಹಾಕು.

ಎರಡನೆಯದು ನೋಟ್ಸ್ ಮತ್ತು ಹಳೇ ಪ್ರಶ್ನೆಪತ್ರಿಕೆ. ಇಲ್ಲಿ ನಾನು ಬಿದ್ದ ಹೊಂಡಕ್ಕೆ ನೀನು ಬೀಳಬೇಡ. ಹತ್ತು ವರ್ಷದಿಂದ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ ನೋಟ್ಸನ್ನು ಹಾಗೇ ತಂದು ಅಂಟಿಸಿದೆ. ಮಾರನೇ ದಿನ ಹೆಡ್‌ಮಾಸ್ಟರು ಫೋನ್ ತೋರಿಸಿ, 'ಇದು ಯಾವ ಭಾಷೆ ಮಾರಾಯ್ರೆ?' ಅಂದರು. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಆ ಹಳೇ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಯೇ, ಮೇಲೆ ಕನ್ನಡದ ವೇಷ ಹಾಕಿರುತ್ತಾರೆ. ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಹಾಗಲ್ಲ, 'ಅ'ಗೆ ಅದರದ್ದೇ ಸಂಖ್ಯೆ 3205, ಯಾವ ಫೋನಾದರೂ ಅಷ್ಟೇ. ಎಲ್ಲವನ್ನೂ ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಯುನಿಕೋಡ್‌ಗೆ ಬದಲಿಸಿದೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ, ಕೂತು ತಿದ್ದಬೇಕು.

ಸೈಟು ಕಟ್ಟಲು ಗೂಗಲ್ ಸೈಟ್ಸ್ ಸಾಕು, ದುಡ್ಡಿಲ್ಲ, ಜಾಹೀರಾತಿಲ್ಲ. ಆದರೆ ತಿದ್ದಿದ ಮೇಲೆ 'ಪ್ರಕಟಿಸು' ಒತ್ತದಿದ್ದರೆ ಹೊಸದು ಯಾರಿಗೂ ಕಾಣುವುದಿಲ್ಲ. ನಾನು ಒಂದು ವಾರ ಒತ್ತದೇ ಬರೆದೆ. ಒಬ್ಬ ಹುಡುಗನ ತಾಯಿ ಸಂತೆಯಲ್ಲಿ ಸಿಕ್ಕಿ, 'ನಿಮ್ಮಲ್ಲಿ ಇನ್ನೂ ಹೋದ ಗುರುವಾರವೇ ನಡೀತಾ ಇದೆಯಲ್ಲ ಸಾರ್' ಅಂದರು. ಮತ್ತೆ, ನಿನ್ನ ಸ್ವಂತ ಖಾತೆಯಲ್ಲಿ ಮಾಡಬೇಡ. ನಾಳೆ ವರ್ಗಾವಣೆ ಆದರೆ ಸೈಟು ನಿನ್ನ ಜೊತೆಗೇ ಹೋಗುತ್ತದೆ. ಶಾಲೆಯ ಖಾತೆ ಇರಲಿ, ಇನ್ನೊಬ್ಬ ಶಿಕ್ಷಕರಿಗೂ ತಿದ್ದುವ ಅನುಮತಿ ಕೊಡು.

ಮಕ್ಕಳ ಮುಖ, ಹೆಸರು ಹಾಕುವುದನ್ನು ನಿಲ್ಲಿಸಿದ್ದೇನೆ. 2023ರ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ ಹದಿನೆಂಟು ತುಂಬದವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತಿದೆ. ಕಾಯ್ದೆ ಇರಲಿ, ಹೆಣ್ಣುಮಕ್ಕಳ ಫೋಟೋ ಯಾರ್ಯಾರ ಫೋನಿಗೋ ಹೋಗುವುದು ನನಗೇ ಸರಿ ಕಾಣಲಿಲ್ಲ. ಈಗ ಅವರು ಮಾಡಿದ ಮಾದರಿಯ ಫೋಟೋ ಮಾತ್ರ, ಹಿಡಿದ ಕೈ ಕಂಡರೆ ಕಂಡೀತು.

ಮೂರನೇ ಪುಟ ಮಕ್ಕಳದ್ದೇ. ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟಿದ್ದೇವೆ. ದಿನಾ ಬೆಳಿಗ್ಗೆ ಎಂಟೂವರೆಗೆ ಇಬ್ಬರು ಅಳೆದು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ. ಪಾಠದ ಪುಟಕ್ಕಿಂತ ಜಾಸ್ತಿ ಜನ ನೋಡುವುದು ಇದನ್ನು, ತಮಾಷೆ ಅಲ್ವಾ? ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ಮದ್ದು ಹೊಡೆಯುವವರಿಗೆ ಮಳೆ ಬಿಡುವು ಕೊಟ್ಟಿದೆಯಾ ಅನ್ನುವುದೇ ದೊಡ್ಡ ವಿಷಯ. ಒಂದು ದಿನ ಅಂಕಿ ತಪ್ಪಿದರೆ ಊರಿನ ಹಿರಿಯರೊಬ್ಬರು ನನಗೇ ಫೋನ್ ಮಾಡಿ ಬೈಯುತ್ತಾರೆ. ಮೂರು ದಿನದಿಂದ ಅವರಿಗೂ ಸಿಗ್ನಲ್ ಇಲ್ಲ, ಬದುಕಿಕೊಂಡೆ.

ಇಗೋ, ಕಂಬಳಿಕೊಪ್ಪೆ ಹಾಕಿಕೊಂಡು ಇಬ್ಬರು ಬಂದರು. ಇವತ್ತಿನ ಮಳೆ 118 ಮಿಲಿಮೀಟರ್. ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಈ ಪತ್ರದ ಜೊತೆ ಅದನ್ನೂ ಸಂಜೆ ಪೇಟೆಯಿಂದಲೇ ಹಾಕಬೇಕು.

ನಿನ್ನ ಗೆಳೆಯ