ಮಿದುಳು ಸಂಶೋಧನೆಗೆ ಹೋಗಬಯಸುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಎಂಜಿನಿಯರಿಂಗ್ ಓದಿದವರು ಮಿದುಳು ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದೇ ಎಂಬ ಪ್ರಶ್ನೆ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸೂಚನೆ. ಖಂಡಿತ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿಯೇ ಎಂಜಿನಿಯರಿಂಗ್ ಹಿನ್ನೆಲೆಯ ಸಂಶೋಧಕರಿದ್ದಾರೆ. ಅರ್ಹತೆಯ ನಿಯಮಗಳು ಬದಲಾಗುತ್ತಿರುವ ಕಾರಣ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನೇ ಓದಿಕೊಳ್ಳಿ. ಹಳೆಯ ಫಾರ್ವರ್ಡ್‌ಗಳನ್ನು ನೆಚ್ಚಬೇಡಿ.

ಈ ಕ್ಷೇತ್ರದಲ್ಲಿ ದಾರಿಗಳು ಎರಡೂ ಕಡೆಯಿಂದ ತೆರೆದಿವೆ. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಜೀವವಿಜ್ಞಾನ ಓದಿದ ಮಿಶಾ ಮಹೊವಾಲ್ಡ್, ಅಲ್ಲಿಯೇ ಚಿಪ್ ವಿನ್ಯಾಸದ ತಜ್ಞ ಕಾರ್ವರ್ ಮೀಡ್ ಅವರ ಪ್ರಯೋಗಾಲಯ ಸೇರಿ, ಕಣ್ಣಿನ ಅಕ್ಷಿಪಟಲವು (ರೆಟಿನಾ) ಬೆಳಕಿನ ಒಟ್ಟು ಪ್ರಮಾಣಕ್ಕಿಂತ ಅದರ ವ್ಯತ್ಯಾಸವನ್ನು ಹೆಚ್ಚಾಗಿ ಗುರುತಿಸುವ ಕ್ರಮವನ್ನು ಸಿಲಿಕಾನ್ ಚಿಪ್ಪಿನಲ್ಲಿ ಮೂಡಿಸಿದರು. ಪದವಿಯ ಹೆಸರಿಗಿಂತ ಪ್ರಯೋಗಾಲಯದ ಆಯ್ಕೆಯೇ ಮುಖ್ಯವೆಂದು ನನಗನ್ನಿಸುವುದು ಇಂಥ ಉದಾಹರಣೆಗಳಿಂದ.

ತತ್ತ್ವಶಾಸ್ತ್ರದ ಕಡೆ ಒಲವಿರುವವರೂ ಹಿಂಜರಿಯಬೇಕಿಲ್ಲ. ಗಣಿತ ಓದಿ ತತ್ತ್ವಶಾಸ್ತ್ರಕ್ಕೆ ಬಂದ ಡೇವಿಡ್ ಚಾಮರ್ಸ್ ಮತ್ತು ಭೌತವಿಜ್ಞಾನದಿಂದ ನರವಿಜ್ಞಾನಕ್ಕೆ ಬಂದ ಕ್ರಿಸ್ಟೋಫ್ ಕಾಖ್ 1998ರಲ್ಲಿ, ಪ್ರಜ್ಞೆಗೆ ಆಧಾರವಾದ ನರಕ್ರಿಯೆ 25 ವರ್ಷಗಳಲ್ಲಿ ಸ್ಪಷ್ಟವಾಗಿ ಪತ್ತೆಯಾಗುತ್ತದೆಯೇ ಎಂಬುದರ ಮೇಲೆ ಪಂದ್ಯ ಕಟ್ಟಿದ್ದರು. ಪತ್ತೆಯಾಗುತ್ತದೆ ಎಂದಿದ್ದ ಕಾಖ್ 2023ರಲ್ಲಿ ಸೋಲೊಪ್ಪಿ ಚಾಮರ್ಸ್ ಅವರಿಗೆ ವೈನ್ ಕೊಟ್ಟರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ಪ್ರಜ್ಞೆಯ ಅಧ್ಯಯನ ನಡೆಯುತ್ತದೆ.

ಅಧ್ಯಾಪಕ ಹುದ್ದೆಗಳು ಕಡಿಮೆ, ಪಿಎಚ್.ಡಿ. ನಂತರವೂ ಹಲವು ವರ್ಷ ತಾತ್ಕಾಲಿಕ ಸಂಶೋಧನೆಯಲ್ಲಿಯೇ ಕಳೆಯಬೇಕಾಗಬಹುದು ಎಂಬುದನ್ನು ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳಿ.

ಇನ್ನು ಮುಂದೆ ಸಲಹೆ ಕೇಳುವವರು ತಮ್ಮ ಪದವಿ, ಗಣಿತ ಮತ್ತು ಪ್ರೋಗ್ರಾಮಿಂಗ್‌ನ ಅಭ್ಯಾಸ ಹಾಗೂ ಆಸಕ್ತಿಯ ಪ್ರಶ್ನೆಯನ್ನು ಒಂದೇ ಸಂದೇಶದಲ್ಲಿ ಬರೆಯಬೇಕಾಗಿ ವಿನಂತಿ.

— ಗುಂಪಿನ ನಿರ್ವಾಹಕರು